ಅರ್ಧ ಕೊಯ್ತಾ

ಅವ್ವ ಮೂರನೆಯ ರೊಟ್ಟಿ ಬಡಿಯುತ್ತಿದ್ದಾಗ ಶಿವರಾಜಪ್ಪ ಮೊಬೈಲನ್ನು ಅವಳ ಹಿಟ್ಟಿನ ಪರಾತದ ಹತ್ತಿರ ಹಿಡಿದ.

"ಕೇಳವ್ವ. ಮತ್ತೊಂದು ಬಿಟ್ಟಾರ."

ಕೇಶರಬಾಯಿಯ ಕೈ ನಿಲ್ಲಲಿಲ್ಲ. ಗಂಡ ತೀರಿದ ಮೇಲೆ ಹದಿನಾಲ್ಕು ಹಂಗಾಮು ಕಬ್ಬು ಕಡಿದ ಕೈ ಅದು. ಮೊಬೈಲಿನಿಂದ ಮೊದಲು ಗಿಟಾರ್ ಗರಗಸದ ಹಾಗೆ ಕೊಯ್ಯುತ್ತ ಬಂತು, ಅದರ ಬೆನ್ನಿಗೆ ಡ್ರಮ್ಮು. ಆಮೇಲೆ ಖಾಲಿ ಕೊಡದೊಳಗಿಂದ ಕೂಗಿದಂಥ ಒಡಕು ದನಿ:

"ಅರ್ಧ ಅಂದ್ಯಾ ಮುಕಾದಮಾ? ಬಾ, ಅಳದು ನೋಡು ಬಾ!"

ಒಲೆಯ ಮುಂದಿದ್ದ ಸೊಸೆ ವಿಮಲಾಬಾಯಿ ಎಡಗೈಯ ಬೆರಳ ತುದಿಯಿಂದಲೇ ರೊಟ್ಟಿ ತಿರುವಿದಳು. ಆ ತುದಿಗಳಿಗೆ ಬಿಸಿ ತಾಗುವುದು ನಿಂತು ಬಹಳ ದಿನವಾಗಿತ್ತು.

ಮುಕಾದಮ ಅಂದರೆ ಶಿವರಾಜಪ್ಪನೇ. ದಸರೆ ಮುಗಿದೊಡನೆ ಭಾಲ್ಕಿ, ಔರಾದಿನ ಹಳ್ಳಿಗಳಿಂದ ಕೂಲಿಯವರ ಟೋಳಿ ಕಟ್ಟಿ, ಕಬ್ಬು ಕಡಿಯಲು ಕೊಲ್ಹಾಪುರದ ಕಡೆ ಲಾರಿ ಹೊರಡಿಸುವವನು. ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ, ಅಂದರೆ ಒಂದು ಕುಡುಗೋಲಿನ ಲೆಕ್ಕ. ಜೋಡಿಯಿಲ್ಲದ ಹೆಂಗಸು ಬಂದರೆ ಅರ್ಧ ಕೊಯ್ತಾ. ಮಳೆ ಕೈಕೊಟ್ಟು ಮೂರು ವರ್ಷ. ಲಾರಿ ಹತ್ತುವವರು ಹೆಚ್ಚಾದರು, ಶಿವರಾಜಪ್ಪ ಅರ್ಧ ಕೊಯ್ತಾಗಳನ್ನು ಕೆಳಗಿಳಿಸಿದ. ಆ ಮೊದಲ ವರ್ಷವೇ ಈ ಹಾಡುಗಳು ಶುರುವಾದವು.

ಹಾಡುವವರು ಇಬ್ಬರೇ. ಬಳಗದ ಹೆಸರೇ ಅರ್ಧ ಕೊಯ್ತಾ. ವಿಡಿಯೋದಲ್ಲಿ ಸೊಂಟದ ಮೇಲಷ್ಟೇ ಕಾಣುತ್ತಿದ್ದರು: ಉದ್ದ ತೋಳಿನ ಅಂಗಿ, ಕಣ್ಣು ಬಿಟ್ಟು ಮುಖವೆಲ್ಲ ಸುತ್ತಿದ ಟವೆಲ್. ಕಬ್ಬಿನ ಗದ್ದೆಗೆ ಇಳಿಯುವವರ ವೇಷ. ಮೊದಲ ಹಾಡು ಔರಾದ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಎರಡನೆಯದು ಕೊಲ್ಹಾಪುರದ ಟ್ರ್ಯಾಕ್ಟರುಗಳಲ್ಲಿ ಮೊಳಗಿತು. ಹೈದರಾಬಾದಿನ ಕಂಪನಿಯೊಂದು, ಮಾತು ಸ್ವಲ್ಪ ಮೆತ್ತಗೆ ಮಾಡಿದರೆ ನಾವೇ ಹೊರತರುತ್ತೇವೆ ಅಂದಿತು. ಅವರು ಮುಂದಿನ ಹಾಡಿನಲ್ಲೇ ಕಂಪನಿಯನ್ನು ಬೈದರು. ಮೂರು ವರ್ಷದಲ್ಲಿ ಹದಿನಾರು ಹಾಡು, ಯಾರ ಹಂಗೂ ಇಲ್ಲ.

"ಹಿಡದೇನಿ ಅವ್ವ," ಅಂದ ಶಿವರಾಜಪ್ಪ. "ಡಾಬಕಾದ ಜಿಜಾಬಾಯಿ ಮಕ್ಕಳು. ದತ್ತಾತ್ರಿ, ಮಚ್ಛೇಂದ್ರ."

"ಯಾರ ಹೇಳಿದ್ರು?"

"ಯಾರ ಹೇಳಬೇಕು? ಅವರ ಮನ್ಯಾಗ ಗಿಟಾರ್ ಅದ. ಅವರವ್ವನ್ನ ನಾ ಲಾರಿಯಿಂದ ಇಳಿಸೇನಿ. ಮ್ಯಾಲ ಈ ಹಾಡಿನ್ಯಾಗ ತಾವ ಅಂತಾರ, ನಾವಿಬ್ಬರೂ ಒಂದ ಒಲಿ ರೊಟ್ಟಿ ತಿನ್ನೋರು ಅಂತ. ಅಣ್ಣ ತಮ್ಮ ಅಲ್ಲದ ಮತ್ಯಾರು?"

"ಒಂದ ಒಲಿ ಎಲ್ಲಾರ ಮನ್ಯಾಗೂ ಇರ್ತದ."

"ಚೇಷ್ಟಿ ಮಾಡಬ್ಯಾಡ. ನಾ ಗೊರಕಿ ಹೊಡದ್ರ ಲಾರಿ ಘಾಟ ಏರಿದಂಗ ಕೇಳಸ್ತದ ಅಂತ ಹಾಡ್ಯಾರ! ಅದು ಅವರಿಗ್ಹ್ಯಾಂಗ ಗೊತ್ತಾತು?"

"ಟೋಳಿ ಜೋಡಿ ಮಲಗಾವ ನೀ. ಅರ್ಧ ಕೊಲ್ಹಾಪುರಕ್ಕ ಗೊತ್ತದ."

ವಿಮಲಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಿವರಾಜಪ್ಪ ನಗಲಿಲ್ಲ.

"ನಾಳಿ ಡಾಬಕಾಕ್ಕ ಹೋಗ್ತೇನಿ. ಆ ಮನಿಯವರು ಇನ್ನೂ ಆರು ಮಂದಿ ನನ್ನ ಪಟ್ಟಿನ್ಯಾಗ ಅದಾರ. ಆರೂ ಹೆಸರು ಹೊಡದ ಹಾಕ್ತೇನಿ. ಇನ್ನ ಯಾ ಮುಕಾದಮನೂ ಅವರನ್ನ ತೊಗೋಬಾರ್ದು, ಹಂಗ ಹೇಳ್ತೇನಿ."

ಕೇಶರಬಾಯಿಯ ಕೈ ಆಗ ನಿಂತಿತು. ಈ ಬರದಲ್ಲಿ ಡಾಬಕಾದಲ್ಲಿ ಉಳಿದವರು ಏನು ತಿನ್ನುತ್ತಾರೆ ಅನ್ನುವುದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಅವರಲ್ಲ ಅಂತ ಗೊತ್ತಾದ್ರ?"

"ಖರೇ ಹೆಸರು ಸಿಗಲಿ. ಜಿಜಾಬಾಯಿನ್ನೂ ಸೇರಿಸಿ ಎಲ್ಲಾರನ್ನೂ ನಾನ ಲಾರಿ ಹತ್ತಸ್ತೇನಿ. ಬಸವಣ್ಣನಾಣಿ."

"ಖರೇದವರನ್ನ ಏನ ಮಾಡ್ತಿ?"

"ಈ ಮನಿ ಹೊಸ್ತಿಲಾ ತುಳಿಯಾಕ ಬಿಡೂದಿಲ್ಲ, ಸಾಯೂತನ."

"ಎಂಟ ದಿನ ತಡಿ," ಅಂದಳು ಕೇಶರಬಾಯಿ. "ಲಾರಿ ಹೊಂಡಾಕ ಇನ್ನೂ ಟೈಮ್ ಅದ. ಹೆಸರು ತಾವಾಗೇ ಹೊರಗ ಬರ್ತಾವ."

"ನಿನಗೇನರ ಗೊತ್ತದನು?"

"ಎಂಟ ದಿನ ಅಂದೆ."

ಶಿವರಾಜಪ್ಪ ಅವ್ವನನ್ನು ದಿಟ್ಟಿಸಿದ. ಆಣೆ ಇಟ್ಟಾಗಿತ್ತು. ಆಯ್ತೆಂದು ಗೊಣಗಿ, ಗಾಡಿ ಒರೆಸಲು ಅಂಗಳಕ್ಕೆ ಹೋದ.

ವಿಮಲಾಬಾಯಿ ಅರ್ಧ ಲೋಟ ನೀರಿನಲ್ಲಿ ಕೈ ತೊಳೆದಳು. ಒಳಗಿನ ಪೆಟ್ಟಿಗೆಯ ತಳದಿಂದ ಪಾಕೀಟೊಂದನ್ನು ತಂದಳು. ಅದರ ಅಂಚು ಮಾಸಿತ್ತು, ಬಾಯಿ ಇನ್ನೂ ಅಂಟಿಸಿರಲಿಲ್ಲ.

"ಅತ್ತಿ, ಅವರು ಆಡಿದ್ದು ಮಾಡೇ ಮಾಡ್ತಾರ."

"ಮಾಡಲಿ. ಆ ಹೊಸ್ತಿಲಾ ಕೂಡ್ಸಿದಾಕಿ ನಾ."

ಕೇಶರಬಾಯಿ ಹಿಟ್ಟಿನ ಕೈಯಲ್ಲೇ ಪೆನ್ನು ಹಿಡಿದು, ಕಾಗದದ ಕೊನೆಗೆ ಒಂದು ಸಾಲು ಸೇರಿಸಿದಳು. ಅಂಟಿಸಿ, ಅಂಗಳಕ್ಕೆ ಬಂದು ಮಗನ ಕೈಗೆ ಕೊಟ್ಟಳು.

"ಬಸ್‌ಸ್ಟ್ಯಾಂಡ್ ಕಡಿ ಹೊಂಟೀಯಲ್ಲ, ಡಬ್ಬಿಗಿ ಹಾಕು."

ಶಿವರಾಜಪ್ಪ ವಿಳಾಸ ಓದಿದ. "ಅಬ್ದುಲ ಮಜೀದ, ಚೌಬಾರಾ ಹತ್ರ, ಬೀದರ. ಯಾರಿವ?"

"ಗುರುವಾರಕ್ಕೊಮ್ಮಿ ನಾವು ಬೀದರಕ್ಕ ಹೋಗ್ತೇವಲ್ಲ, ಅಲ್ಲಿ ಗುರ್ತಾದಾವ."

"ಕಣ್ಣಿನ ದವಾಖಾನಿಯವನು? ಮೂರು ವರ್ಷಾತು, ಒಂದು ಚಷ್ಮಾ ಕೊಟ್ಟಿಲ್ಲ ಆ ಭಾಡ್ಯಾ. ಚಲೋ ಬೈದು ಬರದೀಯೋ ಇಲ್ಲೋ?"

"ಯಾರಿಗಿ ಏನ ಹೇಳಬೇಕೋ ಹೇಳೇನಿ. ಮರಿಬ್ಯಾಡ."

ಮರೆಯಲಿಲ್ಲ. ಭಾಲ್ಕಿ ಬಸ್‌ಸ್ಟ್ಯಾಂಡಿನ ಕೆಂಪು ಡಬ್ಬಿಯ ಮುಂದೆ ಗಾಡಿ ನಿಲ್ಲಿಸಿ, ಪಾಕೀಟನ್ನು ತನ್ನ ಕೈಯಾರೆ ಒಳಗೆ ತಳ್ಳಿದ. ಅದು ತಳ ಮುಟ್ಟಿತೋ ಇಲ್ಲವೋ ಎಂದು ಡಬ್ಬಿಗೆ ಎರಡು ಏಟು ಕೂಡ ಹಾಕಿದ.

ಒಳಗೆ ಹೀಗಿತ್ತು: "ಮಜೀದ ಸಾಹೇಬರಿಗೆ ಶರಣು. ನೀವು ಬೀದರದಲ್ಲಿ ನಡೆಸುವ ಹಾಡಿನ ಬಯಲು ವೇದಿಕೆ ಹತ್ತಬೇಕಾದರೆ ಟವೆಲ್ ತೆಗೆದು, ಹೆಸರು ಹೇಳಿ ಹಾಡಬೇಕೆಂದು ಶಿವರಾತ್ರಿಯಲ್ಲಿ ಬರೆದಿದ್ದಿರಿ. ಹಾಡುತ್ತೇವೆ. ನಮ್ಮ ಹೆಸರು ಈಗಲೇ ಎಲ್ಲರಿಗೂ ಸಾರಿಬಿಡಿರಿ. ಗಿಟಾರ್ ಮತ್ತು ದನಿ, ವಿಮಲಾಬಾಯಿ. ಡ್ರಮ್, ಅವಳ ಅತ್ತೆ ಕೇಶರಬಾಯಿ. ಡಾಬಕಾದವರು ಇದರಲ್ಲಿ ಇಲ್ಲ."