ಒರೆಸುವಾಗ ಹಾರಿದ ಕೋವಿ

“ಮುಟ್ಟೂದೇ ಬೇಡ. ಇವತ್ತ್ ಬರೀ ಕಂಡ್ಕಣಿ, ಸಾಕ್,” ಎಂದರು ಹೆಡ್ ಕಾನ್‌ಸ್ಟೆಬಲ್ ಜಲಜ.

ಬೈಂದೂರಿನ ಗೃಹರಕ್ಷಕರ ತರಬೇತಿಯಲ್ಲಿ ಅದು ಕೋವಿಯ ಮೊದಲ ದಿನ. ಮೇಜಿನ ಮೇಲೆ ಒಂಟಿನಳಿಗೆಯ ತೋಟೆಕೋವಿಯನ್ನು ಮಲಗಿಸಿದ್ದರು. ಉಳಿದವರೆಲ್ಲ ಅದನ್ನು ಮುತ್ತಿಕೊಂಡರೆ, ಸುಗುಣಾ ಮಾತ್ರ ಗೋಡೆಗೆ ಬೆನ್ನು ಹಚ್ಚಿ ನಿಂತವಳು ಕದಲಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಜಲಜ ತಿರುಗಿ ನೋಡಿದ ನೋಟಕ್ಕೆ ನಗು ಅಲ್ಲೇ ನಿಂತಿತು. ಎಲ್ಲರನ್ನೂ ಚಹಾಕ್ಕೆ ಕಳುಹಿಸಿ, ಅವಳೊಬ್ಬಳನ್ನೇ ಕುರ್ಚಿಯಲ್ಲಿ ಕೂರಿಸಿದರು.

“ಎಂತ ಆಯ್ತ್ ಹೇಳಿ.”

ಸುಗುಣಾ ಹೇಳಿದಳು. ಹದಿನಾರು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಸಿದ್ದಾಪುರದ ಸೋದರಮಾವ ದಿನಕರನ ಮನೆಯಲ್ಲಿ ಅವಳ ತಮ್ಮ ಗೋಪಿ ಸತ್ತಿದ್ದ. ಮಾವ ಜಗಲಿಯಲ್ಲಿ ಕೂತು ಕೋವಿ ಒರೆಸುತ್ತಿದ್ದರಂತೆ. ಅದು ತನ್ನಷ್ಟಕ್ಕೆ ಹಾರಿತಂತೆ. ಅವಳು ಬಾವಿಕಟ್ಟೆಯಿಂದ ಓಡಿ ಬರುವಾಗ ಹನ್ನೊಂದು ವರ್ಷದ ಗೋಪಿ ಮೆಟ್ಟಿಲ ಮೇಲೆ ಬಿದ್ದಿದ್ದ. ಅಂದಿನಿಂದ ಅವಳ ಪಾಲಿಗೆ ಕೋವಿಯೆಂದರೆ ಯಾವ ಗಳಿಗೆಯಲ್ಲೂ ಮೇಲೆರಗಬಹುದಾದ ಪ್ರಾಣಿ. ದೀಪಾವಳಿಯ ಪಟಾಕಿಗೂ ಒಳಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದಳು.

ಜಲಜ ಕೋವಿಯ ಮೂತಿಯನ್ನು ಖಾಲಿ ಗೋಡೆಯತ್ತ ತಿರುಗಿಸಿ, ಕೀಲು ಸರಿಸಿ, ನಡುವಿನಲ್ಲಿ ಬಾಗಿಸಿದರು. ನಳಿಗೆ ಹಿಂದಿನಿಂದ ತೆರೆದುಕೊಂಡಿತು.

“ಒಳ್ಗ್ ಕಾಣಿ. ಎಂತ ಇತ್ತ್?”

“ಎಂತದೂ ಇಲ್ಲೆ. ಆಚಿ ಬದಿ ಬೆಳಕ್.”

“ಒರ್ಸೂದ್ ಹೀಂಗೇ, ಬಿಚ್ಚಿ. ಈಗ ಇದ್ ಬರೀ ಕಬ್ಬಿಣದ ಕೊಳವೆ. ತೋಟೆ ಇಲ್ದೆ ಇದ್ ಹಾರೂದಿಲ್ಲೆ.”

“ಹಂಗಾರೆ ಒರ್ಸುವಾಗ…” ಸುಗುಣಾ ತೆರೆದ ನಳಿಗೆಯೊಳಗೆ ಮತ್ತೊಮ್ಮೆ ಇಣುಕಿದಳು.

“ನಾನ್ ಅಲ್ಲ್ ಇರ್ಲಿಲ್ಲೆ. ಆದ್ರೆ ತೋಟೆ ತನ್ನಷ್ಟಕ್ಕೇ ಹೋಯಿ ಒಳ್ಗ್ ಕೂಕಂಬುದಿಲ್ಲೆ.”

ಜಲಜ ಅವಸರ ಮಾಡಲಿಲ್ಲ. ಮೊದಲು ಬಿಚ್ಚಿದ ಕೋವಿಯ ಮೇಲೆ ಅಂಗೈ ಇಡಿಸಿದರು. ಮರುದಿನ ಎತ್ತಿ ಹಿಡಿಯಲು ಹೇಳಿದರು. ಅವಳು ಹಿಂಜರಿದಾಗಲೆಲ್ಲ, “ಕೆಳ್ಗ್ ಇಡಿ, ನೀರ್ ಕುಡಿನಿ, ಅದ್ ಎಲ್ಲೂ ಓಡಿ ಹೋತಿಲ್ಲೆ” ಎಂದರು. ನಾಲ್ಕನೆಯ ದಿನ ಗುರಿಮೈದಾನದಲ್ಲಿ ಅವಳ ಕಿವಿಗೆ ತಾವೇ ಹತ್ತಿ ತುರುಕಿ, ಕೈಗೆ ರೈಫಲ್ ಕೊಟ್ಟು, ಮಗ್ಗುಲಲ್ಲೇ ಮಣ್ಣಿನ ಮೇಲೆ ಮಲಗಿದರು. “ಉಸ್ರ್ ಬಿಡಿ. ಹಾಂ, ಈಗ.” ಸುಗುಣಾ ಐದು ಸುತ್ತು ಹೊಡೆದಳು. ಐದರಲ್ಲಿ ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ಎದ್ದು ನಿಂತಾಗ ಮಾತ್ರ ಅವಳ ಮೈಯೆಲ್ಲ ಅದುರುತ್ತಿತ್ತು.

“ಇನ್ನೂ ಹೆದ್ರಿಕೆಯಾ?”

“ಅಲ್ಲ ಮೇಡಂ. ಸಿಟ್ಟ್.”

ಆ ಭಾನುವಾರವೇ ಅವಳು ಸಿದ್ದಾಪುರದ ಬಸ್ಸು ಹತ್ತಿದಳು. ದಿನಕರ ಮಾವ ಜಗಲಿಯಲ್ಲಿ ಪೇಪರ್ ಓದುತ್ತ ಕೂತಿದ್ದರು. ಅವರ ತಲೆಯ ಮೇಲೆ, ಗೋಡೆಯಲ್ಲಿ, ಪೊಲೀಸರಿಂದ ಬಿಡಿಸಿಕೊಂಡು ತಂದಿದ್ದ ಅದೇ ಕೋವಿ. ಅದರ ಕೆಳಗೇ ಮೊಮ್ಮಗಳು ಶ್ರಾವ್ಯ ಚಾಪೆ ಹಾಸಿಕೊಂಡು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು.

“ಕೋವಿ ಹಿಡೂಕೆ ಕಲ್ತ್ಯಂಬ್ರಲೆ?” ಮಾವ ನಕ್ಕರು. “ಹೆಂಗ್ಸ್ರಿಗ್ ಎಂತಕೆ ಅದೆಲ್ಲ?”

“ಮಗಾ, ಅಜ್ಜಿ ಹತ್ರ ಹೋಗ್,” ಎಂದು ಸುಗುಣಾ ಶ್ರಾವ್ಯಳನ್ನು ಒಳಗೆ ಕಳುಹಿಸಿದಳು. ಕೋವಿಯನ್ನು ಇಳಿಸಿ, ಮೂತಿಯನ್ನು ಜನರಿಲ್ಲದ ಅಂಗಳದ ಕಡೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ದೂರವಿಟ್ಟು ಕೀಲು ಸರಿಸಿದಳು. ಬಾಗಿದ ನಳಿಗೆಯ ಬುಡದಲ್ಲಿ ಹಿತ್ತಾಳೆ ಹೊಳೆಯಿತು. ತೋಟೆ ಒಳಗೇ ಇತ್ತು.

“ಅದ್… ಹಂದಿ ಬತ್ತ್ ಅಂದ್ಹೇಳಿ ಇಟ್ಟದ್ದ್,” ಎಂದರು ಮಾವ.

“ಗೋಪಿ ಇದ್ದಾಗ್ಳೂ ಹೀಂಗೇ ತುಂಬ್ಸಿ ಇಟ್ಟಿದ್ರಿಯಾ?”

“ಹದ್ನಾರ್ ವರ್ಷ ಆಯ್ತಲೆ ಹೆಣ್ಣೇ. ಅವ್ನ ಆಯಸ್ಸೇ ಅಷ್ಟ್. ನಾನ್ ಒರ್ಸುವಾಗ—”

“ಒರ್ಸೂದ್ ಹೆಂಗೆ ಅಂದ್ಹೇಳಿ ನಂಗೆ ಈಗ ಗೊತ್ತಿತ್ತ್ ಮಾವ!” ಅವಳ ದನಿಗೆ ಪಕ್ಕದ ಮನೆಯ ನಾಯಿ ಬೊಗಳತೊಡಗಿತು. “ಇಷ್ಟ್ ವರ್ಷ ಈ ಕಬ್ಬಿಣಕ್ಕೆ ಹೆದ್ರಿ ಸತ್ತೆ ನಾನ್. ಹೆದ್ರೂಕೆ ಇದ್ದದ್ದ್ ಇದ್ಕಲ್ಲ, ನಿಮ್ಗೆ!”

ಮಾವ ಪೇಪರನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು.

ಒಳಬಾಗಿಲಲ್ಲಿ ಸೀತತ್ತೆ ಬಂದು ನಿಂತಿದ್ದರು. ಗಂಡನ ಕಡೆ ಅವರು ನೋಡಲೇ ಇಲ್ಲ.

“ಇವ್ರ್ ಅವತ್ತ್ ಕೋವಿ ಒರ್ಸ್ತಾ ಇರ್ಲಿಲ್ಲೆ ಸುಗುಣ. ಮಾಣಿ ಹೇಳಿದ್ದ್ ಕೇಣ್ಲಿಲ್ಲೆ ಅಂದ್ಹೇಳಿ, ಹೆದ್ರ್ಸೂಕೆ ಎತ್ತಿ ಹಿಡ್ದಿದ್ರ್.” ಅಷ್ಟು ಹೇಳಿ ಅವರು ಅಂಗಳಕ್ಕಿಳಿದು ಚಪ್ಪಲಿ ಮೆಟ್ಟಿಕೊಂಡರು. “ನಡಿ, ಸ್ಟೇಶನಿಗೆ ಹೋಪ. ನಾನೂ ಬತ್ತೆ.”