ಮುಂಬಾಗಿಲಲ್ಲಿ ಬಸ್ಸು, ಹಿತ್ತಲಲ್ಲಿ ರೈಲು

"ಯವ್ವಾ, ಬಂದ್ರು ಬೇ! ಗಲಗಲಿಯವರು ಬಂದ್ರು!"

ದುಂಡೇಶ ಹೊಸ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಅಡುಗೆಮನೆಗೆ ನುಗ್ಗಿದ. ಸಾವಿತ್ರೆವ್ವನ ಎದೆ ಧಸಕ್ಕೆಂದಿತು. ಇಷ್ಟು ಬೇಗ? ಹೆಂಚಿನ ಮೇಲಿನ ಮೊದಲ ಹೋಳಿಗೆ ಇನ್ನೂ ಉಬ್ಬಿರಲಿಲ್ಲ. ಸಂಬಂಧದ ಮಾತು ತಂದಿದ್ದ ಗುರುಬಾಯಿಯೂ ಬಂದಿರಲಿಲ್ಲ. ಸೆರಗು ಸರಿಮಾಡಿಕೊಂಡು ಬಾಗಿಲಿಗೆ ಓಡಿದಳು.

ಕಟ್ಟೆಯ ಹತ್ತಿರ ಇಬ್ಬರು ನಿಂತಿದ್ದರು. ಬಿಳಿ ಅಂಗಿಯ ಹಿರಿಯರು, ಪಕ್ಕದಲ್ಲಿ ಇಳಕಲ್ ಸೀರೆಯ ಹೆಂಗಸು. ಬಿಸಿಲಿಗೆ ಬಸವಳಿದಿದ್ದರು.

"ಅವ್ವಾರ, ನಾವು..." ಹಿರಿಯರು ಬಾಯಿ ತೆರೆದರು.

"ಗೊತ್ತೈತ್ರಿ, ಎಲ್ಲಾ ಗೊತ್ತೈತ್ರಿ. ಮೊದಲ ಒಳಗ ಬರ್ರಿ. ಕಾಲಿಗೆ ನೀರ ತಗೋರ್ರಿ. ಆಮ್ಯಾಲ ಮಾತು."

ಬಂದವರಿಗೆ ಬೆಲ್ಲ ನೀರು ಕೊಡುವ ಮೊದಲು ಬಂದ ಕಾರಣ ಕೇಳುವುದು ಸಾವಿತ್ರೆವ್ವನ ಮನೆತನದಲ್ಲಿಲ್ಲ. ಅದರಲ್ಲೂ ಹೆಣ್ಣಿನ ಕಡೆಯವರು ಮನೆ ನೋಡಲು ಬಂದಾಗ ಹುಡುಗಿಯ ಸುದ್ದಿ ತಾನಾಗಿ ಎತ್ತಿದರೆ ಆಸೆಬುರುಕರೆನಿಸಿಕೊಳ್ಳಬೇಕು. ಅವರೇ ಎತ್ತಬೇಕು. ಅಲ್ಲಿಯವರೆಗೆ ಬಾಯಿ ಬಿಗಿಹಿಡಿದಿರಬೇಕು. ಇದು ಅವಳ ಅತ್ತೆ ಕಲಿಸಿದ ಪಾಠ.

ದುಂಡೇಶನಿಗೆ ಮೂವತ್ತು ದಾಟಿತ್ತು. ಮನೆಯೊಳಗೆ ಮಗ್ಗದ ಸದ್ದು ಜಾಸ್ತಿ ಎಂದು ಒಬ್ಬರು ಎದ್ದು ಹೋಗಿದ್ದರು. ಸರಕಾರಿ ನೌಕರಿ ಇಲ್ಲವೆಂದು ಇನ್ನೊಬ್ಬರು ಚಹ ಕೂಡ ಕುಡಿಯದೆ ಹೋಗಿದ್ದರು. ಗಲಗಲಿಯದೂ ಕೈತಪ್ಪಿದರೆ ಮುಂದೆ ಯಾರ ಮನೆಯ ಬಾಗಿಲು ಬಡಿಯುವುದು? ಸಾಲದ್ದಕ್ಕೆ ಇನ್ನೊಂದು ತಲೆನೋವು. ಬನಹಟ್ಟಿಯ ಬಸ್‌ಸ್ಟ್ಯಾಂಡಿನಿಂದ ಹೊಸ ರೈಲ್ವೆ ಸ್ಟೇಷನ್ನಿಗೆ ಮಂದಿ ನಡೆದು ಹೋಗಲು ಕಾಲುದಾರಿ ಮಾಡುತ್ತಾರಂತೆ, ಈ ಓಣಿಯ ಯಾವುದೋ ಒಂದು ಮನೆ ಅದರ ಬಾಯಿಗೆ ಬೀಳುತ್ತದಂತೆ. ಅಳೆಯಲು ಬಂದವರಿಗೆ ನೆರೆಮನೆಯ ಸಾವಕ್ಕ ಮೊನ್ನೆ ಸಗಣಿ ನೀರು ಎರಚಿ ಓಡಿಸಿದ್ದಳು. ಇವತ್ತೊಂದು ದಿನ ಆ ಪೀಡೆ ಈ ಕಡೆ ಹಾಯದಿರಲಿ ಎಂದು ಸಾವಿತ್ರೆವ್ವ ಬೆಳಗ್ಗೆಯೇ ಬೀರೇಶ್ವರನಿಗೆ ಕೈಮುಗಿದಿದ್ದಳು.

ಬೆಲ್ಲ ಕಡಿದು ನೀರು ಕುಡಿದ ಹಿರಿಯರು ತೊಲೆ ನೋಡಿದರು, ಗೋಡೆ ತಟ್ಟಿದರು.

"ಮನಿಗೆ ಪಾಲುದಾರರು ಯಾರರೆ ಅದಾರೇನ್ರಿ?"

"ಯಾರೂ ಇಲ್ರಿ. ನಾನು, ನನ್ನ ಮಗ. ತಕರಾರು ಅನ್ನೂದ ಇಲ್ಲ."

ಹಿರಿಯರ ಮುಖ ಅರಳಿತು. ಹೆಂಗಸು ಮೂಲೆಯ ಮಗ್ಗದತ್ತ ಬೆರಳು ತೋರಿದಳು.

"ಇದನ್ನ ಬ್ಯಾರೆ ಕಡೆ ಹೂಡಾಕ ಬರ್ತೈತೇನು, ತಮ್ಮಾ?"

ದುಂಡೇಶ ತಡವರಿಸಿದ. ಮತ್ತೆ ಇದೇ ಮಗ್ಗ ಅಡ್ಡ ಬಂತಲ್ಲ ಎಂದು ಸಾವಿತ್ರೆವ್ವ ನಡುವೆ ಬಾಯಿ ಹಾಕಿದಳು.

"ನಾಳೆನ ಎತ್ತಿಸ್ತೇವ್ರಿ! ನೀವು ಎಲ್ಲಿ ಅಂದ್ರ ಅಲ್ಲಿ."

"ಹಿಂಗ ಮಾತಾಡೋ ಮಂದಿ ಈಗ ಸಿಗೂದಿಲ್ಲ ಬಿಡ್ರಿ," ಎಂದು ಹೆಂಗಸು ಪಡಸಾಲೆಯ ಉದ್ದಕ್ಕೂ ನಡೆದು ನೋಡಿದಳು. "ಇಬ್ಬರು ಜೋಡೀಲೆ ನಡದ್ರೂ ಇನ್ನಾ ಜಾಗ ಉಳಿತೈತಿ."

ದುಂಡೇಶ ನಾಚಿ ತಲೆ ತಗ್ಗಿಸಿದ. ಸಾವಿತ್ರೆವ್ವನಿಗೆ ಹುರುಪು ಬಂತು. ಹಿತ್ತಲ ಬಾಗಿಲನ್ನು ದಡಕ್ಕನೆ ತೆರೆದಳು. ದೂರದಲ್ಲಿ ಹೊಸ ಸ್ಟೇಷನ್ನಿನ ತಗಡು ಮಿಂಚಿತು. ಸೊಸೆ ಬಣ್ಣದ ಚೀಲ ಹಿಡಿದು ತವರಿಗೆ ಹೊರಟಂತೆಯೇ ಅವಳ ಕಣ್ಣಿಗೆ ಕಂಡಿತು.

"ಇಲ್ನೋಡ್ರಿ. ಮುಂದಿನ ಬಾಗಿಲಕ್ಕ ಬಸ್ಸು, ಹಿಂದಿನ ಬಾಗಿಲಕ್ಕ ರೈಲು. ಹೋಗಾವ್ರಿಗೂ ಬರಾವ್ರಿಗೂ ಒಂದ ಹೆಜ್ಜಿ ಸುತ್ತಿಲ್ಲ."

"ಅದನ್ನ ನೋಡೇ ಬಂದೇವ್ರಿ," ಹಿರಿಯರು ನಕ್ಕರು. "ಹಂಗಾರ ನಿಮ್ಮದು ಪೂರ್ತಿ ಒಪ್ಪಿಗಿ ಅಂತ ತಿಳಕೊಳ್ಳೂಣೇನ್ರಿ?"

"ಮನಸಾರೆ ಒಪ್ಪೇವ್ರಿ! ಇನ್ನ ಎಲಿ ಹಾಕ್ತೇನಿ, ಏಳ್ರಿ."

ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತಿದ್ದಾಗ ಹೊರಗೆ ಸಪ್ಪಳವಾಯಿತು. ಕಿಟಕಿಯಲ್ಲಿ ಇಣುಕಿದವಳ ಮೈಯೆಲ್ಲ ಉರಿದುಹೋಯಿತು. ಮೂವರು! ಒಬ್ಬ ಮುದುಕ ಗೋಡೆಯ ಗುಂಟ ಹೆಜ್ಜೆಗೆ ಹೆಜ್ಜೆ ಹಚ್ಚಿ ಅಳೆಯುತ್ತಿದ್ದ. ಇನ್ನೊಬ್ಬ ಮಾಳಿಗೆಯತ್ತ ಕತ್ತೆತ್ತಿ ನಿಂತಿದ್ದ. ಹೆಂಗಸೊಬ್ಬಳು ಅಂಗಳದ ನಳ ತಿರುವಿ ನೀರು ಬರುತ್ತದೋ ಇಲ್ಲವೋ ನೋಡುತ್ತಿದ್ದಳು. ಕೇಳುವವರಿಲ್ಲ, ಹೇಳುವವರಿಲ್ಲ!

ಸಾವಿತ್ರೆವ್ವ ಕಸಬರಿಗೆ ಎತ್ತಿಕೊಂಡು, ಉಣ್ಣುವವರಿಗೆ ಕೇಳಬಾರದೆಂದು ಬಾಗಿಲು ಎಳೆದುಕೊಂಡು ಹೊರಬಿದ್ದಳು.

"ನಡೀರಿ ಇಲ್ಲಿಂದ!"

"ಬರೇ ನೋಡಾಕ ಬಂದೇವಲ್ಲಬೇ, ತಂಗೀ," ಮುದುಕ ಎರಡು ಹೆಜ್ಜೆ ಹಿಂದೆ ಸರಿದ.

"ನೋಡಿದ್ದು ಸಾಕು! ನಿಮ್ಮಂಥಾವ್ರು ಕಾಲಿಟ್ಟ ಮನಿ ಉದ್ಧಾರ ಆಗೇತೇನು?"

ನಳದ ಹತ್ತಿರವಿದ್ದ ಹೆಂಗಸು ಸೊಂಟದ ಮೇಲೆ ಕೈಯಿಟ್ಟಳು. "ಎಂಥಾ ಬಾಯಿ ಬೇ ಈಕಿದು! ನಮ್ಮ ನಸೀಬ ಛಲೋ, ಮೊದಲ ಗೊತ್ತಾತು. ನಡಿಯೋ ಕಾಕಾ."

ಮೂವರೂ ಓಣಿ ದಾಟುವವರೆಗೆ ಸಾವಿತ್ರೆವ್ವ ಕಸಬರಿಗೆ ಇಳಿಸಲಿಲ್ಲ. ಮನೆಯೂ ಉಳಿಯಿತು, ಸಂಬಂಧವೂ ಕುದುರಿತು. ಗೆದ್ದ ಮುಖದಿಂದ ಒಳಗೆ ಬಂದಳು.

"ಯಾರ್ರೀ ಅವ್ರು?" ಹಿರಿಯರು ಕೇಳಿದರು.

"ಯಾರೋ ಬ್ಯಾಡಾದ ಮಂದಿ ರೀ. ನೀವು ಇನ್ನೊಂದ ಹೋಳಿಗಿ ಹಾಕಿಸ್ಕೋರ್ರಿ."

ಅವರು ಹಾಕಿಸಿಕೊಂಡರು. ಹೆಂಗಸೂ ಬೇಡವೆನ್ನಲಿಲ್ಲ. ಅಷ್ಟರಲ್ಲಿ ದುಂಡೇಶನ ಮೊಬೈಲು ಬಡಿದುಕೊಂಡಿತು. ಗುರುಬಾಯಿಯ ದನಿ ಅವನ ಕಿವಿ ದಾಟಿ ಪಡಸಾಲೆಗೆಲ್ಲ ಕೇಳಿಸಿತು.

"ಎಲೇ ದುಂಡ್ಯಾ, ನಿಮ್ಮವ್ವಗ ಏನ ಬಡದೈತೋ? ಗಲಗಲಿಯವರು ಮೂರೂ ಮಂದಿ ಬಸ್‌ಸ್ಟ್ಯಾಂಡಿನ್ಯಾಗ ಉಸ್ಸಂತ ಕುಂತಾರ! ಹೆಣ್ಣ ಕೊಡಾಕ ಬಂದಾವ್ರಿಗೆ ಕಸಬರಿಗಿ ಯಾರರೆ ತೋರಸ್ತಾರೇನಲೇ?"

ಸಾವಿತ್ರೆವ್ವ ತುಪ್ಪದ ಗಿಂಡಿ ಹಿಡಿದುಕೊಂಡೇ ಮೆಲ್ಲಗೆ ಅತಿಥಿಗಳ ಕಡೆ ತಿರುಗಿದಳು. ಹಿರಿಯರು ತೃಪ್ತಿಯಿಂದ ತೇಗಿ, ಮೀಸೆ ಒರೆಸಿಕೊಂಡರು.

"ಖರೆ ಹೇಳ್ತೇನ್ರಿ ಅವ್ವಾರ, ಇಡೀ ಊರಾಗ ರೈಲ್ವೆದವರಿಗೆ ಹೋಳಿಗಿ ನೀಡಿ, ಮನಿಯೊಳಗಿಂದ ಕಾಲುದಾರಿ ಬಿಟ್ಟುಕೊಟ್ಟಾವ್ರು ನೀವೊಬ್ಬರ."