ಮೇಷ್ಟ್ರ ಎಡಗಡೆ

ಫೋನನ್ನು ಕವುಚಿಹಾಕಿ, ಮೇಲೊಂದು ದಿಂಬನ್ನು ಹೇರಿದ ಮೇಲೆಯೇ ಡ್ರೈವಿಂಗ್ ಮೇಷ್ಟ್ರಿಗೆ ಉಸಿರು ಬಂದದ್ದು. ‘ಓಡಾಡುವಾಗ ಎಡಭುಜ ಬಾಗಿಲಿಗೆ ತಾಗುತ್ತಿದೆಯೇ? ಕಣ್ಣು ತೋರಿಸಿಕೊಳ್ಳಿ’ ಎಂದು ಜಾಹೀರಾತು ಕೇಳಿತ್ತು. ತಾಗುತ್ತಿತ್ತು, ನಿಜ. ಆದರೆ ಆ ಸಂಗತಿ ಭುಜಕ್ಕೂ ಬಾಗಿಲಿಗೂ ನಡುವಿನ ಗುಟ್ಟೆಂದೇ ಅವರು ನಂಬಿದ್ದರು.

ಎಡಗಡೆಯ ಲೋಕ ಅಂಚಿನಿಂದ ಸವೆಯುತ್ತಿರುವುದು ಅವರಿಗೆ ತಿಳಿದು ಕೆಲಕಾಲವಾಗಿತ್ತು. ಮೊದಮೊದಲು ಸೈಕಲ್ಲುಗಳು ಎಲ್ಲಿಂದಲೋ ಧುತ್ತೆಂದು ಹುಟ್ಟತೊಡಗಿದವು. ಆಮೇಲೆ ದೀಪದ ಕಂಬಗಳೂ ಅದೇ ಚಾಳಿ ಕಲಿತವು. ಕಲಿಯಲು ಬಂದವರನ್ನು ‘ಪಕ್ಕ ನೋಡ್ರೀ, ಪಕ್ಕ’ ಎಂದು ದಿನವಿಡೀ ಗದರಿಸಿ ಅನ್ನ ತಿನ್ನುವ ಮನುಷ್ಯ, ತನಗೇ ಪಕ್ಕ ಕಾಣದೆಂದು ಡಂಗುರ ಸಾರಿಕೊಳ್ಳುವುದುಂಟೇ? ವೈದ್ಯರ ಬಳಿಗೆ ಹೋದರೆ ಪರವಾನಗಿಗೆ ಕುತ್ತು. ಪರವಾನಗಿ ಹೋದರೆ ಶಾಲೆಗೆ ಬೀಗ. ತಡಮಾಡಿದರೆ ಕಣ್ಣೇ ಹೋದೀತೆಂಬುದೂ ಅವರಿಗೆ ಗೊತ್ತಿತ್ತು. ಆದರೆ ಅದು ನಾಳೆಯ ಮಾತು. ನಾಳೆ ಎಂಬುದು ಸದ್ಯಕ್ಕೆ ಎಡಗಡೆಯಲ್ಲೇ ಎಲ್ಲೋ ಇತ್ತು.

ಮೇಷ್ಟ್ರು ‘ಬಿಟ್ಟಿ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು’ ಎನ್ನುವ ಪಂಥದವರು. ಫೋನಿನಲ್ಲಿ ಪುಕ್ಕಟೆಯಾಗಿ ಬರುವ ಕೊಲೆಗಳ ಧಾರಾವಾಹಿಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಅದಕ್ಕಾಗಿ ತಮ್ಮ ವಯಸ್ಸು, ಬೀದಿ, ನಿದ್ದೆ, ನಡಿಗೆ ಎಲ್ಲವನ್ನೂ ‘ಒಪ್ಪಿಗೆ’ ಎಂಬ ಒಂದೇ ಗುಂಡಿ ಒತ್ತಿ ಧಾರೆಯೆರೆದಿದ್ದರು. ಫೋನು ಹೇಳಿದ್ದು ಅವರಿಗೆ ವೇದವಾಕ್ಯ. ‘ದಿಂಬು ಬದಲಾಯಿಸಿ, ಕತ್ತು ನೋವು ಹೋಗುತ್ತದೆ’ ಎಂದು ಹೆಂಡತಿ ವರ್ಷಗಟ್ಟಲೆ ಹೇಳಿದ್ದಳು, ಬದಲಾಗಿರಲಿಲ್ಲ. ಜಾಹೀರಾತು ಹೇಳಿತು, ಮರುದಿನವೇ ಹೊಸ ದಿಂಬು ಬಂತು. ಈಚೆಗೂ ಅವಳು ಏನೋ ಮುಖ್ಯವಾದದ್ದನ್ನು ಹೇಳಲು ಬಂದಿದ್ದಳು. ಕೊಲೆಗಾರ ಇನ್ನೇನು ಸಿಕ್ಕಿಬೀಳುವ ಹೊತ್ತು, ಕೈಯಾಡಿಸಿ ಕಳಿಸಿದ್ದರು.

ಈಗ ಅದೇ ಫೋನು ಮನೆಮುರುಕನಾಗಿತ್ತು. ಒಂದು ದಿನ ‘ಲೋಟಕ್ಕೆ ಬಗ್ಗಿಸಿದ ನೀರು ಮೇಜಿನ ಪಾಲಾಗುತ್ತಿದೆಯೇ?’ ಎಂದಿತು. ಇನ್ನೊಂದು ದಿನ ಯಾವ ಮುಲಾಜೂ ಇಲ್ಲದೆ, ‘ಮೊಂಡುತನಕ್ಕೆ ಮದ್ದಿಲ್ಲ, ಕಣ್ಣಿಗೆ ಇದೆ’ ಎಂದಿತು. ಕಂಪನಿಯವರು ಮನೆಯ ಮಾತನ್ನು ಕದಿಯುವುದರ ಜೊತೆಗೆ ಮನೆಯವರಂತೆ ಬಯ್ಯುವುದನ್ನೂ ಕಲಿತುಬಿಟ್ಟರಲ್ಲ ಎಂದು ಮೇಷ್ಟ್ರು ಕಂಗಾಲಾದರು.

ಹೆಂಡತಿ ಊಟದ ಮೇಜಿನ ಆಚೆ ಕುಳಿತು ಶಾಲೆಯ ಪ್ರಚಾರದ ಕೆಲಸದಲ್ಲಿದ್ದಳು. ಫೀಸು, ಪಾಠದ ವೇಳೆ, ಯಾವ ಬೀದಿಯ ಯಾವ ವಯಸ್ಸಿನವರ ಫೋನಿಗೆ ಜಾಹೀರಾತು ಹೋಗಬೇಕೆಂಬುದು, ಇವೆಲ್ಲ ಅವಳ ಪಾಲಿನವು. ಬ್ರೇಕು ಮಾತ್ರ ಮೇಷ್ಟ್ರದು.

“ಈ ಫೋನು ನಮ್ಮ ಮಾತೆಲ್ಲ ಕದ್ದು ಕೇಳತ್ತೆ ಕಣೇ.”

“ಅದಾದ್ರೂ ಕೇಳತ್ತಲ್ಲ ಬಿಡಿ,” ಎಂದಳು ಅವಳು ತಲೆಯೆತ್ತದೆ.

ಮೇಷ್ಟ್ರು ಫೋನಿನ ಮೈಕಿನ ತೂತಿಗೆ ಅಂಟುಪಟ್ಟಿ ಹಚ್ಚಿದರು. ಕ್ಯಾಮೆರಾಕ್ಕೂ ಹಚ್ಚಿದರು. ಕೊನೆಗೆ ಫೋನನ್ನು ಅಕ್ಕಿ ಡಬ್ಬದೊಳಗಿಟ್ಟು ಪಿಸುಮಾತಿನಲ್ಲೇ ಸಂಸಾರ ನಡೆಸಿದರು. ಡಬ್ಬದಿಂದ ತೆಗೆದೊಡನೆ ಜಾಹೀರಾತು ಕಾದು ನಿಂತಿರುತ್ತಿತ್ತು.

ಪಕ್ಕದ ಕ್ಷೌರದಂಗಡಿಯವನ ಮಾತು ಅವರ ಎದೆಯೊಡೆಸಿತು. ಕುರ್ಚಿಯಲ್ಲಿ ಕುಳಿತ ಮೇಷ್ಟ್ರ ಕಿವಿಯ ಹಿಂದೆ ಕತ್ತರಿಯಾಡಿಸುತ್ತ ಅವನು ನಕ್ಕ: “ನಂಗೂ ನಿಮಗೂ ಒಂದೇ ವಯಸ್ಸಲ್ವಾ ಮೇಷ್ಟ್ರೇ? ಮೊನ್ನೆಯಿಂದ ನನ್ ಫೋನಲ್ಲಿ ಒಂದೇ ಕಾಟ. ಎಡಭುಜ ಬಾಗಿಲಿಗೆ ತಾಗುತ್ತಾ ಅಂತೆ. ನಮ್ ಬೀದೀಲಿ ಯಾರೋ ಕುರುಡ ಇರ್ಬೇಕು ನೋಡಿ.”

ಮೇಷ್ಟ್ರೂ ನಕ್ಕರು. ಅರ್ಧ ಕ್ಷೌರದಲ್ಲೇ ಎದ್ದುಬಿಡೋಣವೆನಿಸಿತು. ಗುಟ್ಟು ಬೀದಿಗೆ ಬಿದ್ದಿತ್ತು. ಇವತ್ತು ಕ್ಷೌರಿಕ, ನಾಳೆ ಪರವಾನಗಿಯ ಅಧಿಕಾರಿ.

ಅಂದಿನ ಪಾಠದಲ್ಲಿ ಸ್ಟಿಯರಿಂಗು ಅವರ ಕೈಯಲ್ಲೇ ಇತ್ತು. ತಿರುವು ಹೇಗೆ ತೆಗೆದುಕೊಳ್ಳಬೇಕೆಂದು ಕಲಿಯಲು ಬಂದ ಹುಡುಗಿಗೆ ತೋರಿಸಿಕೊಡುತ್ತಿದ್ದರು. ತರಕಾರಿ ಗಾಡಿಯೊಂದು ಎಡಗಡೆಯ ಕನ್ನಡಿಯನ್ನು ಕಿತ್ತುಕೊಂಡಿತು. ಗಾಡಿಯ ಹಿಂದೆ ನಿಂತಿದ್ದ ಹೆಂಗಸು ಕೂದಲೆಳೆಯಲ್ಲಿ ಉಳಿದಳು. ಕಲಿಯುವವಳ ಗಾಬರಿಯಿಂದ ಹೀಗಾಯಿತೆಂದು ಮೇಷ್ಟ್ರು ಮನೆಯಲ್ಲಿ ವರದಿ ಒಪ್ಪಿಸಿದರು. ಹೆಂಡತಿ ಕಾರಿನ ಬಳಿ ಹೋಗಿ ಮುರಿದ ಕನ್ನಡಿಯ ಬುಡವನ್ನು ಬಹಳ ಹೊತ್ತು ನೋಡಿದಳು. ಒಳಗೆ ಬಂದು ತನ್ನ ಫೋನು ಕೈಗೆತ್ತಿಕೊಂಡಳು. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಫೋನು ಬೆಳಗಿತು: ‘ಇವತ್ತು ಕನ್ನಡಿ. ನಾಳೆ?’

ಇನ್ನು ತಡೆಯಲಾಗಲಿಲ್ಲ. ಜೀವಮಾನದಲ್ಲಿ ಪುಕ್ಕಟೆ ಸಿಗುವುದಕ್ಕೆ ಕಾಸು ಬಿಚ್ಚದಿದ್ದ ಮಹಾನುಭಾವರು, ಜಾಹೀರಾತು ಕಾಣದಂತೆ ಮಾಡುವ ಚಂದಾವನ್ನು ಪೂರ್ತಿ ವರ್ಷಕ್ಕೆ ಕಟ್ಟಿದರು. ಕೊಟ್ಟ ಒಪ್ಪಿಗೆಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ಪಡೆದರು. ವಯಸ್ಸು ಅಳಿಸಿದರು, ಬೀದಿ ಅಳಿಸಿದರು. ಧಾರಾವಾಹಿ ತೆರೆದರು. ಕೊಲೆಯಿಂದ ಕೊಲೆಗೆ ನಡುವೆ ಒಂದು ಸೊಳ್ಳೆಯ ಅಡ್ಡಿಯೂ ಇಲ್ಲ. ಎಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತು.

“ಮುಗೀತು ಕಣೇ,” ಎಂದರು ಗೆದ್ದ ದನಿಯಲ್ಲಿ. “ಇನ್ಮೇಲೆ ಒಂದು ಜಾಹೀರಾತೂ ನನ್ನ ಹತ್ರ ಸುಳಿಯಲ್ಲ. ದುಡ್ಡು ಕಟ್ಟಿ ಬಂದ್ ಮಾಡಿಸಿದೀನಿ.”

ಹೆಂಡತಿ ತನ್ನ ಫೋನಿನಿಂದ ತಲೆಯೆತ್ತಿದಳು. ಅವಳ ಕಣ್ಣು ತುಂಬಿತ್ತು. ಆದರೆ ಅವಳು ಕುಳಿತಿದ್ದದ್ದು ಮೇಷ್ಟ್ರ ಎಡಗಡೆಗೆ.

“ಹಾಗಾದ್ರೆ ಇನ್ಮೇಲೆ ನಿಮಗೆ ಏನಾದ್ರೂ ಹೇಳ್ಬೇಕು ಅಂದ್ರೆ, ನಾನು ಜಾಹೀರಾತು ಎಲ್ಲಿ ಹಾಕ್ಲಿ ರೀ?”